ಲಕೋಟೆಯನ್ನು ಬೆಳಕಿಗೆ ಹಿಡಿದಾಗ

ಕಳೆದ ವಾರ ತರಗತಿಯಲ್ಲಿ ನಮ್ಮ ಟ್ಯೂಟರ್ ಬಾಯಿ ಅಂಟಿಸಿದ ಬಿಳಿ ಲಕೋಟೆಯೊಂದನ್ನು ಮೇಜಿನ ಮೇಲಿಟ್ಟರು. "ತೆರೆಯದೆ ಒಳಗೇನಿದೆ ಹೇಳಿ" ಅಂದರು. ಪಕ್ಕದಲ್ಲಿದ್ದ ಮಕ್ಕಳ ಡಾಕ್ಟರು ಅದನ್ನೆತ್ತಿ ದೀಪಕ್ಕೆ ಹಿಡಿದರು. 'ಎ' ಅನ್ನುವ ಅಕ್ಷರ ಮಸುಕಾಗಿ ಕಾಣಿಸಿತು.

ಔಷಧಿ ಪರೀಕ್ಷಿಸುವಾಗ ಯಾವ ರೋಗಿಗೆ ಹೊಸದು, ಯಾರಿಗೆ ಹಳೆಯದು ಅಂತ ಚೀಟಿ ಎತ್ತಿದ ಹಾಗೆ ತೀರ್ಮಾನಿಸಿ, ಆ ಗುಂಪಿನ ಗುರುತನ್ನು ('ಎ', 'ಬಿ' ಹೀಗೆ) ಲಕೋಟೆಯಲ್ಲಿ ಇಡುತ್ತಿದ್ದರು. ಕೆಲವು ಡಾಕ್ಟರುಗಳು ಹೀಗೇ ಬೆಳಕಿಗೆ ಹಿಡಿದು ನೋಡುತ್ತಿದ್ದರಂತೆ. ಕೆಟ್ಟ ಬುದ್ಧಿಯಿಂದಲ್ಲ, ತಮ್ಮ ರೋಗಿಗೆ ಒಳ್ಳೆಯದು ಸಿಗಲಿ ಅಂತ. ಆದರೆ ಕಾಯಿಲೆ ಜಾಸ್ತಿ ಇರುವವರೆಲ್ಲ ಒಂದೇ ಕಡೆ ಸೇರಿಬಿಟ್ಟರೆ ಔಷಧಿಯ ನಿಜ ಗೊತ್ತಾಗುವುದು ಹೇಗೆ? ಅದಕ್ಕೇ ಈಗ ಹೆಚ್ಚಾಗಿ ಕಂಪ್ಯೂಟರಿನಿಂದಲೇ ಚೀಟಿ ಎತ್ತಿಸುತ್ತಾರೆ.

ದಾವಣಗೆರೆಯಲ್ಲಿ ಹತ್ತು ವರ್ಷ ರೋಗಿಗಳನ್ನು ನೋಡಿ, ಈಗ ಕೆನಡಾದ ಹ್ಯಾಮಿಲ್ಟನ್ನಿನಲ್ಲಿ ಮತ್ತೆ ವಿದ್ಯಾರ್ಥಿನಿಯಾಗಿದ್ದೇನೆ. ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಹೆಲ್ತ್ ರಿಸರ್ಚ್ ಮೆಥಡಾಲಜಿ, ಅಂದರೆ ಆರೋಗ್ಯ ಸಂಶೋಧನೆ ಮಾಡುವ ವಿಧಾನದ ಓದು. ಚಿಕಿತ್ಸೆಗೆ ಪುರಾವೆ ಕೇಳುವ ವೈದ್ಯಪದ್ಧತಿಯ ಹಿರಿಯರಾದ ಡೇವಿಡ್ ಸ್ಯಾಕೆಟ್ 1967ರಲ್ಲಿ ಕಟ್ಟಿದ ವಿಭಾಗ ಇದರ ಬೇರು. 52 ದೇಶಗಳಲ್ಲಿ ಹೃದಯಾಘಾತದ ಕಾರಣ ಹುಡುಕಿದ ಇಂಟರ್‌ಹಾರ್ಟ್ ಅಧ್ಯಯನ ನಡೆಸಿದ ಹೃದ್ರೋಗ ತಜ್ಞ ಸಲೀಂ ಯೂಸುಫ್ ಕೂಡ ಇಲ್ಲಿಯವರೇ. ಅವರು ಎಂಬಿಬಿಎಸ್ ಓದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ. ಅದನ್ನು ನೆನೆದರೆ ಸುಮ್ನೆ ಧೈರ್ಯ ಬರುತ್ತದೆ.

ಪಿಜಿಯಲ್ಲಿ ನಾನೂ ಥೀಸಿಸ್ ಬರೆದವಳೇ. ಸೀನಿಯರ್ 60 ಕೇಸ್ ತೆಗೆದುಕೊಂಡಿದ್ದರು, ನಾನೂ 60 ತೆಗೆದುಕೊಂಡೆ. ಯಾಕೆ ಅಂತ ಯಾರೂ ಕೇಳಲಿಲ್ಲ. ಇಲ್ಲಿ ಎರಡು ತಿಂಗಳು ಹೋಗಿದ್ದು ಬರೀ ಸಂಶೋಧನೆಯ ಪ್ರಶ್ನೆ ಬರೆಯುವುದಕ್ಕೆ.

"ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಯಾವ ಚಿಕಿತ್ಸೆ ಒಳ್ಳೆಯದು?" ಇದು ನಾನು ಮೊದಲು ಬರೆದದ್ದು. ಗೈಡ್ ಪೆನ್ಸಿಲ್ ಹಿಡಿದರು. ಎಂಥಾ ಹುಣ್ಣು? ಯಾವುದಕ್ಕೆ ಹೋಲಿಸಿ? ಎಷ್ಟು ವಾರ ನೋಡುತ್ತೀರಿ? ಕೊನೆಗೆ 'ಒಳ್ಳೆಯದು' ಅನ್ನುವ ಪದದ ಸುತ್ತ ಗೆರೆ ಎಳೆದು, "ಯಾರಿಗೆ ಒಳ್ಳೆಯದು?" ಅಂದರು.

ಆಗ ಚನ್ನಗಿರಿ ಕಡೆಯ ಒಬ್ಬ ಅಜ್ಜ ನೆನಪಾದರು. ಪ್ರತಿ ಸಲ ಡ್ರೆಸ್ಸಿಂಗ್ ಬಿಚ್ಚಿ ನಾನು ಗಾಯದ ಅಗಲ ಅಳೆಯುತ್ತಿದ್ದೆ. ಅವರು ಕೇಳುತ್ತಿದ್ದದ್ದು ಒಂದೇ, "ಅಮ್ಮಾ, ತೋಟಕ್ಕೆ ಯಾವಾಗ ಹೋಗಬಹುದು?" ಅದನ್ನು ನಾನು ಕೇಸ್ ಶೀಟಿನಲ್ಲಿ ಒಂದು ದಿನವೂ ಬರೆದುಕೊಂಡಿರಲಿಲ್ಲ. ಈಗ ನನ್ನ ಅಧ್ಯಯನದಲ್ಲಿ ಮೊದಲು ನೋಡುವುದೇ ಅದು: ರೋಗಿ ತನ್ನ ಕೆಲಸಕ್ಕೆ ಎಷ್ಟು ದಿನಕ್ಕೆ ಮರಳಿದ ಅಂತ.

ಇದಕ್ಕೆಲ್ಲ ಸಮಯ ಬೇಕು. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಡಾಕ್ಟರುಗಳಿಗೆ ಕೊಡುವ ಕೆ23 ಅನುದಾನದಲ್ಲಿ, ಸಾಮಾನ್ಯವಾಗಿ ಕೆಲಸದ ಸಮಯದ ಕನಿಷ್ಠ ಶೇಕಡಾ 75 ಭಾಗವನ್ನು ಸಂಶೋಧನೆಗೇ ಇಡಬೇಕು ಅಂತ ನಿಯಮವಿದೆ. ನಮ್ಮ ಹುಡುಗರು ನೈಟ್ ಡ್ಯೂಟಿ ಮುಗಿಸಿ ಥೀಸಿಸ್ ಬರೆಯುತ್ತಾರೆ. ಬುದ್ಧಿಯಲ್ಲಿ ಅವರೇನು ಕಡಿಮೆಯಿಲ್ಲ, ಬಿಡುವು ಕೊಡುವವರಿಲ್ಲ. ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ 2008ರಲ್ಲಿ ಶುರು ಮಾಡಿದ ಇಂಡಿಯಾ ಅಲಯನ್ಸ್ ನಮ್ಮ ದೇಶದ ಡಾಕ್ಟರುಗಳಿಗೂ ಸಂಶೋಧನಾ ಫೆಲೋಶಿಪ್ ಕೊಟ್ಟಿದೆ. ಆದರೆ ಅಂಥವು ಬೆರಳೆಣಿಕೆಯಷ್ಟು.

ಮೊನ್ನೆ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು, ಹುಬ್ಬಳ್ಳಿಯಲ್ಲಿ ಪಿಜಿ ಮಾಡುತ್ತಿದ್ದಾಳೆ. "ಅಕ್ಕಾ, 60 ಕೇಸ್ ಸಾಕಲ್ವಾ? ಎಲ್ಲರೂ ಅಷ್ಟೇ ತಗೊಳ್ಳೋದು." ಭಾನುವಾರ ವಿಡಿಯೋ ಕಾಲ್‌ನಲ್ಲಿ ಕೂತು, ಅವಳ ಪ್ರಶ್ನೆಗೆ ಉತ್ತರ ಸಿಗಲು ಎಷ್ಟು ರೋಗಿಗಳು ಬೇಕು ಅಂತ ಇಬ್ಬರೂ ಲೆಕ್ಕ ಹಾಕಿದೆವು. ಅದರ ಎರಡು ಪಟ್ಟಿಗಿಂತ ಜಾಸ್ತಿ ಬೇಕಿತ್ತು. "ಅಷ್ಟು ಜನ ಎಲ್ಲಿ ಸಿಗ್ತಾರೆ?" ಅಂದಳು. ಈ ಭಾನುವಾರ ಅವಳ ಥೀಸಿಸ್‌ನ ಪ್ರಶ್ನೆಯನ್ನೇ ಬಿಡಿಸಿ ನೋಡುತ್ತೇವೆ.