ಪೆಟ್ರೋಲ್ ಹಾಕಿಸಿದಾಗ ಮಾತ್ರ ಮುನಿಸಿಕೊಳ್ಳುವ ಪಿಕಪ್

12 ಜುಲೈ 2025, ಶನಿವಾರ

ಪಿಕಪ್‌ನ ಕಾಯಿಲೆ ಕೊನೆಗೂ ಪತ್ತೆಯಾಯಿತು. ಫ್ಯೂಯೆಲ್ ಪಂಪ್ ಅಲ್ಲ, ಬ್ಯಾಟರಿ ಅಲ್ಲ, ಸ್ಪಾರ್ಕ್ ಪ್ಲಗ್ಗೂ ಅಲ್ಲ. ಎಂಜಿನ್ನಿನ ಪಕ್ಕದಲ್ಲಿ ಎರಡು ಪೈಪುಗಳ ನಡುವೆ ಕುಳಿತಿರುವ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ ಪರ್ಜ್ ವಾಲ್ವ್, ಅಂದರೆ ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ ಕವಾಟ.

ಬೆಳಿಗ್ಗೆ ತಣ್ಣಗಿರುವಾಗ ಈ ಗಾಡಿ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತಿತ್ತು. ಬಿಸಿಯಾಗಿರುವಾಗ ಎಲ್ಲಾದರೂ ನಿಲ್ಲಿಸಿ ಹೊರಟರೂ ತಕರಾರಿಲ್ಲ. ಪೆಟ್ರೋಲ್ ಹಾಕಿಸಿ ಕೀಲಿ ತಿರುಗಿಸಿದರೆ ಮಾತ್ರ ಸ್ಟಾರ್ಟರ್ ಸುತ್ತುತ್ತಲೇ ಇರುತ್ತಿತ್ತು, ಎಂಜಿನ್ ಹಿಡಿಯುತ್ತಿರಲಿಲ್ಲ. ಹಿಡಿದರೂ ಕೆಮ್ಮುತ್ತ, ನಡುಗುತ್ತ, ಸೈಲೆನ್ಸರ್‌ನಿಂದ ಹಸಿ ಪೆಟ್ರೋಲ್ ವಾಸನೆ ಬಿಡುತ್ತ ಸ್ವಲ್ಪ ಹೊತ್ತು ಒದ್ದಾಡಿ, ಆಮೇಲೆ ಏನೂ ನಡೆದೇ ಇಲ್ಲವೆಂಬಂತೆ ಓಡುತ್ತಿತ್ತು. ಹಿಂದೆ ಸಾಲಿನಲ್ಲಿ ನಿಂತವರ ಹಾರ್ನ್ ಬೇರೆ.

ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ ತೀರ್ಪು ಕೊಟ್ಟಿದ್ದರು: “ಪಂಪ್ ಹೋಗಿದೆ ಸಾರ್, ಹೊಸದು ಹಾಕಿಬಿಡೋಣ.” ನಾನು ಒಪ್ಪಲಿಲ್ಲ. ಪಂಪ್ ಸೋತಿದ್ದರೆ ಅಥವಾ ನಿಲ್ಲಿಸಿದ ಮೇಲೆ ಪೆಟ್ರೋಲ್ ಲೈನಿನ ಒತ್ತಡ ಇಳಿದುಹೋಗುತ್ತಿದ್ದರೆ, ಎಲ್ಲಿ ನಿಲ್ಲಿಸಿದರೂ ಅದೇ ತೊಂದರೆ ಕಾಣಬೇಕು. ಟ್ಯಾಂಕ್ ತುಂಬಿದೆಯೋ ಇಲ್ಲವೋ ಎಂಬ ಭೇದವನ್ನು ಅದು ಮಾಡುವುದಿಲ್ಲ. ಯಾವ ಭಾಗ ಕೆಟ್ಟಿರಬಹುದು ಎಂದು ಊಹಿಸುವುದಕ್ಕಿಂತ ಯಾವಾಗ ಕೆಡುತ್ತದೆ ಎಂದು ಕೇಳುವುದೇ ಹೆಚ್ಚು ಲಾಭ. ಅನುಮಾನ ಉಳಿಯಬಾರದೆಂದು ಬಂಕಿನಲ್ಲಿ ನಿಲ್ಲುವಷ್ಟೇ ಹೊತ್ತು ಪೆಟ್ರೋಲ್ ಹಾಕಿಸದೆ ನಿಲ್ಲಿಸಿ ನೋಡಿದೆ. ತಕ್ಷಣ ಸ್ಟಾರ್ಟ್ ಆಯಿತು.

ಹಾಗಾದರೆ ಪೆಟ್ರೋಲ್ ಸುರಿಯುವಾಗ ಬದಲಾಗುವುದೇನು? ಟ್ಯಾಂಕಿನೊಳಗೆ 40 ಲೀಟರ್ ಇಳಿದರೆ, ಅಲ್ಲಿದ್ದ ಸುಮಾರು ಅಷ್ಟೇ ಪ್ರಮಾಣದ ಆವಿ ತುಂಬಿದ ಗಾಳಿ ಜಾಗ ಬಿಟ್ಟು ಹೊರಡಬೇಕು. ಆ ಆವಿ ಬೀದಿಗೆ ಹೋಗದಿರಲೆಂದು ಇದ್ದಿಲು ತುಂಬಿದ ಡಬ್ಬಿ (ಕ್ಯಾನಿಸ್ಟರ್) ಒಂದನ್ನು ಇಟ್ಟಿರುತ್ತಾರೆ. ಇದ್ದಿಲು ಆವಿಯನ್ನು ಹೀರಿಕೊಳ್ಳುತ್ತದೆ, ಗಾಳಿ ಹೊರಹೋಗುತ್ತದೆ. ಎಂಜಿನ್ ಬಿಸಿಯಾಗಿ ಓಡುವಾಗ ಗಾಡಿಯ ಕಂಪ್ಯೂಟರ್ ಪರ್ಜ್ ವಾಲ್ವನ್ನು ಅಳತೆಯಿಂದ ತೆರೆದು ಮುಚ್ಚಿ ಮಾಡುತ್ತದೆ. ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಯಾದ ಇನ್‌ಟೇಕ್‌ನ ಸೆಳೆತಕ್ಕೆ ಆವಿ ಎಂಜಿನ್ನಿಗೆ ಬಂದು ಉರಿದುಹೋಗುತ್ತದೆ. ಉಳಿದ ಹೊತ್ತಿನಲ್ಲಿ, ಎಂಜಿನ್ ಆರಿರುವಾಗಲಂತೂ, ಈ ವಾಲ್ವ್ ಮುಚ್ಚಿಯೇ ಇರಬೇಕು.

ಅದು ತೆರೆದೇ ಸಿಕ್ಕಿಕೊಂಡರೆ ಟ್ಯಾಂಕಿನಿಂದ ಒತ್ತರಿಸಿಕೊಂಡು ಬಂದ ಆವಿ ನೇರವಾಗಿ ಇನ್‌ಟೇಕ್‌ನಲ್ಲಿ ಹೋಗಿ ಕೂರುತ್ತದೆ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಎಂಬ ಲೆಕ್ಕ ಅಲ್ಲಿಗೆ ತಪ್ಪಿತು. ಇಂಜೆಕ್ಟರುಗಳು ಬೇರೆ ತಮ್ಮ ಪಾಲಿನ ಪೆಟ್ರೋಲನ್ನು ಸಿಂಪಡಿಸುತ್ತವೆ. ಹಸಿವಿಲ್ಲದವನಿಗೆ ಬಲವಂತದ ಊಟ ಬಡಿಸಿದ ಹಾಗೆ.

ಒಂದು ಸುಳಿವು ಮೊದಲೇ ಸಿಕ್ಕಿತ್ತು. ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದು ಸೆಲ್ಫ್ ಹೊಡೆದರೆ ಗಾಡಿ ಬೇಗ ಎದ್ದುಕೊಳ್ಳುತ್ತಿತ್ತು. ಹೊಸ ಕಾಲದ ಬಹುತೇಕ ಎಂಜಿನ್‌ಗಳಲ್ಲಿ ಹಾಗೆ ಒತ್ತಿದಾಗ ಕಂಪ್ಯೂಟರ್ ಇಂಜೆಕ್ಟರುಗಳನ್ನು ನಿಲ್ಲಿಸಿ ಬರೀ ಗಾಳಿಯನ್ನು ಒಳಗೆ ಬಿಡುತ್ತದೆ. ಗಾಳಿ ಕೊಟ್ಟರೆ ಗುಣವಾಗುತ್ತದೆ ಎಂದಾದರೆ ಕಾಯಿಲೆ ಪೆಟ್ರೋಲಿನ ಕೊರತೆಯಲ್ಲ, ಅತಿಯಾದದ್ದು. ಪಂಪಿನ ವಾದ ನನ್ನ ಮಟ್ಟಿಗೆ ಅಲ್ಲಿಗೇ ಮುಗಿದಿತ್ತು.

ಇವತ್ತು ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಕ್ಯಾನಿಸ್ಟರ್ ಕಡೆಯಿಂದ ಬರುವ ಪೈಪನ್ನು ವಾಲ್ವಿನಿಂದ ಕಳಚಿ, ವಾಲ್ವಿನ ಬಾಯಿಗೆ ಬೆರಳಿಟ್ಟೆ. ಜೋರು ಸೆಳೆತ. ವಾಲ್ವಿನ ವಿದ್ಯುತ್ ಪ್ಲಗ್ ಕಿತ್ತೆ. ವಿದ್ಯುತ್ತಿಲ್ಲದಿದ್ದರೆ ಅದು ಮುಚ್ಚಿಕೊಳ್ಳಬೇಕು. ಸೆಳೆತ ಹಾಗೆಯೇ ಇತ್ತು. ವೈರಿಂಗ್ ಅಥವಾ ಕಂಪ್ಯೂಟರ್ ತಪ್ಪಾಗಿ ತೆರೆಯುತ್ತಿದೆ ಎಂಬ ಸಂಶಯವೂ ಹೋಯಿತು. (ಈ ಕೆಲಸ ಮಾಡುವವರು ಬೆಂಕಿ, ಬೀಡಿ, ಕಿಡಿ ಯಾವುದನ್ನೂ ಹತ್ತಿರ ಬಿಡಬೇಡಿ. ಕಣ್ಣಿಗೆ ಕಾಣದ ಪೆಟ್ರೋಲ್ ಆವಿ ಕಂಡ ಪೆಟ್ರೋಲಿಗಿಂತ ಬೇಗ ಹೊತ್ತಿಕೊಳ್ಳುತ್ತದೆ.)

ತಮ್ಮನಿಗೆ ಇಷ್ಟು ಸಾಕಾಗಲಿಲ್ಲ. “ಅಣ್ಣಾ, ಬಂಕಿನಲ್ಲಿ ತೋರಿಸು” ಎಂದ. ಸರಿ, ವಾಲ್ವಿನ ಬಾಯಿಯನ್ನೂ ಕಳಚಿದ ಪೈಪನ್ನೂ ಬಿಗಿಯಾಗಿ ಮುಚ್ಚಿ, ಹೋಗಿ ಪೆಟ್ರೋಲ್ ಹಾಕಿಸಿದೆವು. ಕೀಲಿ ತಿರುಗಿಸಿದ ಕೂಡಲೇ ಎಂಜಿನ್ ಎದ್ದಿತು. ಗಾಡಿಯ ದೋಷಗಳನ್ನು ಓದುವ ಅವನ ಸ್ಕ್ಯಾನರ್‌ನಲ್ಲಿ ಪಿ0496 ಎಂಬ ಕೋಡ್ ಕೂಡ ಇತ್ತು, ಅಂದರೆ ಹರಿಯಬಾರದ ಹೊತ್ತಿನಲ್ಲಿ ಆವಿ ಹರಿಯುತ್ತಿದೆ ಎಂದು. ಕೋಡ್ ಇಲ್ಲದೆಯೂ ಈ ತೊಂದರೆ ಇರಬಹುದು, ಆದ್ದರಿಂದ ಬೆರಳಿನ ಪರೀಕ್ಷೆಯೇ ನನಗೆ ಹೆಚ್ಚು ಪ್ರಿಯ.

ಮಧ್ಯಾಹ್ನ ಹೊಸ ವಾಲ್ವ್ ಕೂರಿಸಿದೆ. ಅದಕ್ಕೆ ಮೊದಲು ಕ್ಯಾನಿಸ್ಟರ್ ಕಡೆಯ ಪೈಪನ್ನು ಬಿಳಿ ಬಟ್ಟೆಯ ಮೇಲೆ ತಟ್ಟಿ ನೋಡಿದೆ. ಕಪ್ಪು ಕಾಳು ಬಿದ್ದಿದ್ದರೆ ಕ್ಯಾನಿಸ್ಟರಿನ ಇದ್ದಿಲು ಒಡೆದು ವಾಲ್ವಿಗೆ ಬರುತ್ತಿದೆ ಎಂದರ್ಥ; ಆಗ ವಾಲ್ವ್ ಮಾತ್ರ ಬದಲಿಸಿದರೆ ಹೊಸದೂ ಸಿಕ್ಕಿಕೊಳ್ಳುತ್ತದೆ. ಸದ್ಯ, ಬಟ್ಟೆ ಬಿಳಿಯಾಗಿಯೇ ಉಳಿಯಿತು. ಬಂಕಿನ ನಳಿಕೆ ತಾನಾಗಿ ನಿಂತ ಮೇಲೂ “ಇನ್ನೊಂದು ಸ್ವಲ್ಪ” ಎಂದು ತುಂಬಿಸುವ ಚಟ ತಮ್ಮನದು. ಹಾಗೆ ತುಂಬಿದರೆ ಆವಿ ಹೋಗುವ ದಾರಿಯಲ್ಲಿ ದ್ರವವೇ ನುಗ್ಗಿ ಇದ್ದಿಲನ್ನು ತೋಯಿಸಿ ಕೆಡಿಸಬಹುದು ಎಂದು ಹೇಳಿದ್ದೇನೆ. ಕೇಳಿದನೋ ಇಲ್ಲವೋ.

ಡೀಸೆಲ್ ಪಿಕಪ್ ಇರುವ ಗೆಳೆಯರು ಇದನ್ನು ಓದಿ ಪರ್ಜ್ ವಾಲ್ವ್ ಹುಡುಕಲು ಹೋಗಬೇಡಿ. ಡೀಸೆಲ್ ಅಷ್ಟು ಸುಲಭವಾಗಿ ಆವಿಯಾಗುವುದಿಲ್ಲ, ಈ ವ್ಯವಸ್ಥೆಯೇ ಅದರಲ್ಲಿರುವುದಿಲ್ಲ. ಅಲ್ಲಿ ಮೊದಲು ನೋಡಬೇಕಾದದ್ದು ಫಿಲ್ಟರ್‌ನಲ್ಲಿ ಸೇರಿದ ನೀರು ಮತ್ತು ಲೈನಿನೊಳಗೆ ನುಸುಳುವ ಗಾಳಿ.

ಹಳೆಯ ವಾಲ್ವ್ ಮೇಜಿನ ಮೇಲಿದೆ. ಊದಿದರೆ ಉಸಿರು ಸಲೀಸಾಗಿ ಆಚೆ ಹೋಗುತ್ತದೆ. ಒಳಗಿನ ಸ್ಪ್ರಿಂಗ್ ಮುರಿದಿದೆಯೋ ರಬ್ಬರ್ ಸೀಲ್ ಕಿತ್ತಿದೆಯೋ ಎಂದು ನಾಳೆ ಗರಗಸದಿಂದ ಸೀಳಿ ನೋಡುತ್ತೇವೆ.