ನೋಟಕ್ಕುಂಟು, ಲೆಕ್ಕಕ್ಕಿಲ್ಲ

ಸ್ನೇಹಿತನೊಬ್ಬನಿಗೆ 40 ಊರುಗಳ ನಡುವಿನ ರಸ್ತೆ ದೂರದ ಕೋಷ್ಟಕ ಬೇಕಿತ್ತು. ಎಲ್ಲಿಂದ ಎಲ್ಲಿಗೆ ಎಷ್ಟು ಕಿಲೋಮೀಟರ್, ಎಷ್ಟು ಹೊತ್ತು. ಪ್ರತಿ ಊರಿಂದ ಉಳಿದ 39ಕ್ಕೆ ಅಂದರೆ ಒಟ್ಟು 1,560 ದಾರಿ. "ಹೋಗೋ ದೂರ, ಬರೋ ದೂರ ಒಂದೇ ಅಲ್ವಾ? ಅರ್ಧ ಸಾಕು" ಅಂದ. ಸಾಕಾಗುವುದಿಲ್ಲ. ಒನ್‌ವೇಗಳಿರುತ್ತವೆ. ಹೆದ್ದಾರಿಗೆ ಹತ್ತುವ ಜಾಗ ಒಂದು ಕಡೆ, ಇಳಿಯುವ ಜಾಗ ಇನ್ನೊಂದು ಕಡೆ ಇರುತ್ತದೆ.

ಒಂದು ಭಾನುವಾರ ಬೆಳಿಗ್ಗೆ ಈ ಕೆಲಸಕ್ಕೊಂದು ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಂ, ಬರೆಯಲು ಕೂತೆ. ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನದು. 2004ರಲ್ಲಿ ಶುರುವಾದ ಇದನ್ನು ಜನರೇ ಸೇರಿ ಬರೆಯುತ್ತಾ ಬಂದಿದ್ದಾರೆ. ದಾರಿ ಹುಡುಕಲು ಒಎಸ್‌ಆರ್‌ಎಂ ಎಂಬ ತಂತ್ರಾಂಶ. ಅದಕ್ಕೊಂದು ಸಾರ್ವಜನಿಕ ಡೆಮೊ ಸರ್ವರ್ ಇದೆ. ಆದರೆ ಪ್ರಯೋಗಕ್ಕೆಂದು ಇಟ್ಟ ಸರ್ವರ್ ಮೇಲೆ ದೊಡ್ಡ ಕೆಲಸ ಹೇರುವುದು ನನಗೆ ಸರಿ ಕಾಣುವುದಿಲ್ಲ. ಹಾಗಾಗಿ ನಕ್ಷೆಯ ಮಾಹಿತಿ ಇರುವ ಪಿಬಿಎಫ್ ಫೈಲ್ ಇಳಿಸಿಕೊಂಡು ನನ್ನ ಕಂಪ್ಯೂಟರಿನಲ್ಲೇ ಓಡಿಸಿದೆ. ರಸ್ತೆಜಾಲ ಸಿದ್ಧವಾಗಲು ಹಿಡಿದ ಹೊತ್ತೇ ಜಾಸ್ತಿ. ಆಮೇಲೆ ಅದರ 'ಟೇಬಲ್' ಸೇವೆಗೆ 40 ಊರುಗಳ ಪಟ್ಟಿ ಕೊಟ್ಟರೆ ಇಡೀ ಕೋಷ್ಟಕ ಒಂದೇ ಸಲಕ್ಕೆ ಬರುತ್ತದೆ.

ಬಂತು, ಆದರೆ ಬರೀ ಸೊನ್ನೆಗಳು. ನಾನು ರೂಢಿಯಂತೆ ಅಕ್ಷಾಂಶ ಮೊದಲು ಕೊಟ್ಟಿದ್ದೆ. ಒಎಸ್‌ಆರ್‌ಎಂಗೆ ರೇಖಾಂಶ ಮೊದಲು ಬೇಕು. ಕೊಟ್ಟ ಬಿಂದುವಿಗೆ ಹತ್ತಿರದ ರಸ್ತೆಯನ್ನು ಅದು ಹಿಡಿದುಕೊಳ್ಳುತ್ತದೆ, ಎಷ್ಟೇ ದೂರ ಇರಲಿ. ಹೀಗಾಗಿ ಎಲ್ಲ ಊರೂ ನಕ್ಷೆಯ ಒಂದೇ ಮೂಲೆಗೆ ಹೋಗಿ ಕೂತಿದ್ದವು. ಅದಲುಬದಲು ಮಾಡಿದೆ, ಸರಿಹೋಯಿತು.

ಈಗ ಅಂಕಿಗಳೆಲ್ಲ ನೋಡಲು ಚೆನ್ನಾಗಿದ್ದವು. ನನಗೆ ಭಯವಾಗುವುದು ಇಂಥ ಹೊತ್ತಿನಲ್ಲೇ. 1,560 ಅಂಕಿಗಳನ್ನು ಕಣ್ಣಲ್ಲಿ ನೋಡಿ ತಪ್ಪು ಹಿಡಿಯಲಾಗುವುದಿಲ್ಲ. ಅದಕ್ಕೆ ಭೂಮಿಯ ತ್ರಿಜ್ಯ 6,371 ಕಿ.ಮೀ. ಅಂತ ಇಟ್ಟುಕೊಂಡು ಪ್ರತಿ ಜೋಡಿಯ ನೇರ ದೂರ ಲೆಕ್ಕ ಹಾಕಿಸಿದೆ. ರಸ್ತೆ ದೂರವನ್ನು ಅದರಿಂದ ಭಾಗಿಸಿದೆ. ಉತ್ತರ 1ಕ್ಕಿಂತ ಕಡಿಮೆ ಬರಬಾರದು, ಹಕ್ಕಿ ಹಾರುವ ದಾರಿಗಿಂತ ರಸ್ತೆ ಹತ್ತಿರವಾಗುವುದಿಲ್ಲವಲ್ಲ. ಹೆಚ್ಚಿನವು 1.2ರಿಂದ 1.4ರೊಳಗೆ ಇದ್ದವು. ಒಂದು ಜೋಡಿ ಮಾತ್ರ 3.1. ನೇರ ದೂರ 38 ಕಿ.ಮೀ., ರಸ್ತೆ 118.

ನಡುವೆ ನದಿ. ಆದರೆ ನಕ್ಷೆಯಲ್ಲಿ ಸೇತುವೆಯೂ ಇತ್ತು! ದಾರಿ ಮಾತ್ರ ಅದರ ಬುಡದವರೆಗೂ ಹೋಗದೆ ಎಲ್ಲೋ ಸುತ್ತಿ ಬರುತ್ತಿತ್ತು. ಹಿಗ್ಗಿಸಿ ನೋಡಿದೆ, ಇನ್ನೂ ಹಿಗ್ಗಿಸಿದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಎರಡು ರಸ್ತೆ ಕೂಡಬೇಕಾದರೆ ಅವೆರಡಕ್ಕೂ ಸೇರಿದ ಒಂದೇ ನೋಡ್, ಅಂದರೆ ಬಿಂದು, ಇರಬೇಕು. ಇಲ್ಲಿ ಸೇತುವೆಯ ಕೊನೆಗೊಂದು ನೋಡ್, ರಸ್ತೆಯ ಕೊನೆಗೆ ಅದರ ಪಕ್ಕದಲ್ಲೇ ಬೇರೊಂದು. ಕಣ್ಣಿಗೆ ಅಂಟಿಕೊಂಡಂತೆ ಕಾಣುತ್ತಿದ್ದವು. ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತಾರಲ್ಲ, ಈ ಸೇತುವೆ ನೋಟಕ್ಕುಂಟು, ಲೆಕ್ಕಕ್ಕಿಲ್ಲ.

"ಕೋಷ್ಟಕದ ಆ ಒಂದು ಮನೆಯಲ್ಲಿ ಸರಿಯಾದ ಅಂಕಿ ಬರೆದುಬಿಡು" ಅಂದ ಸ್ನೇಹಿತ. ನನಗೆ ಮನಸ್ಸು ಬರಲಿಲ್ಲ. ಈ ನಕ್ಷೆಯನ್ನು ತಿದ್ದುವ ಹಕ್ಕು ನನಗೂ ಇದೆ, ಹಾಗಿರುವಾಗ ತಪ್ಪನ್ನು ಅಲ್ಲೇ ಬಿಟ್ಟು ಬರುವುದು ಹೇಗೆ? ಬೇರೆ ಕಂಪನಿಯ ಮ್ಯಾಪ್ ನೋಡಿ ನಕಲು ಮಾಡುವಂತಿಲ್ಲ. ತಿದ್ದುವ ಪರದೆಯಲ್ಲೇ, ಅದಕ್ಕೆಂದು ಅನುಮತಿ ಇರುವ ಉಪಗ್ರಹ ಚಿತ್ರ ಸಿಗುತ್ತದೆ. ಅದರಲ್ಲಿ ಸೇತುವೆ, ರಸ್ತೆ ಒಂದೇ ಗೆರೆಯಾಗಿ ಕಾಣುತ್ತಿತ್ತು, ವಾಹನಗಳೂ ಇದ್ದವು. ಎರಡು ನೋಡ್‌ಗಳನ್ನು ಕೂಡಿಸಿದೆ. ಏನು ಮಾಡಿದೆ, ಯಾಕೆ ಅಂತ ಒಂದು ಸಾಲು ಬರೆದು ಸೇವ್ ಮಾಡಿದೆ.

ಎರಡು ದಿನ ಬಿಟ್ಟು ಹೊಸ ಫೈಲ್ ಇಳಿಸಿ ಸ್ಕ್ರಿಪ್ಟ್ ಮತ್ತೆ ಓಡಿಸಿದೆ. 118 ಇದ್ದದ್ದು 44 ಆಯಿತು. ಹಳೆಯ ಕೋಷ್ಟಕವನ್ನು ಪಕ್ಕದಲ್ಲಿಟ್ಟು ಹೋಲಿಸಿದರೆ ಇನ್ನೂ 26 ಅಂಕಿಗಳು ಬದಲಾಗಿದ್ದವು. ದೂರದೂರದ ಊರುಗಳು, ಅದೇ ಸೇತುವೆ ದಾಟಿ ಹೋಗಬೇಕಾದವು. ಅವುಗಳ ಭಾಗಲಬ್ಧ ಮೊದಲು 1.5 ಕೂಡ ದಾಟಿರಲಿಲ್ಲ. ಒಂದರ ಮೇಲೂ ನನಗೆ ಅನುಮಾನ ಬಂದಿರಲಿಲ್ಲ.