ಲೇಖನಕ್ಕಲ್ಲ, ಇತಿಹಾಸಕ್ಕೆ ಅಂಕ

ಪದವಿ ತರಗತಿಗೆ ಕನ್ನಡ ವಿಕಿಪೀಡಿಯದ ಅಸೈನ್‌ಮೆಂಟ್ ಕೊಡುವ ಮೇಷ್ಟ್ರುಗಳು ‘ಒಬ್ಬೊಬ್ಬರು ಒಂದೊಂದು ಹೊಸ ಲೇಖನ ಬರೆಯಿರಿ’ ಅನ್ನುತ್ತಾರಲ್ಲ, ಕೆಡುವುದೇ ಅಲ್ಲಿ. ಮಕ್ಕಳು ಪತ್ರಿಕೆಯಿಂದಲೋ ಗೈಡಿನಿಂದಲೋ ಎತ್ತಿ ಅಂಟಿಸುತ್ತಾರೆ, ನಿರ್ವಾಹಕರು ಅಳಿಸುತ್ತಾರೆ, ಕೊನೆಗೆ ಅಂಕ ಹಾಕಲು ಪುಟವೇ ಇರುವುದಿಲ್ಲ. 2011ರಲ್ಲಿ ಪುಣೆಯ ಕಾಲೇಜುಗಳಲ್ಲಿ ಇಂಗ್ಲಿಷ್ ವಿಕಿಪೀಡಿಯಕ್ಕೆಂದು ನಡೆದ ಪ್ರಯೋಗ ನಿಂತುಹೋದದ್ದಕ್ಕೂ ಮುಖ್ಯ ಕಾರಣ ಈ ನಕಲೇ.

ಹೊಸದರ ಬದಲು ಇರುವುದನ್ನೇ ತಿದ್ದಿಸಿ. ಗೂಗಲ್‌ನ ಅನುವಾದ ಯೋಜನೆಯಿಂದ ಕನ್ನಡ ವಿಕಿಪೀಡಿಯಕ್ಕೆ ಬಂದ ಉದ್ದುದ್ದ ಲೇಖನಗಳು ಇಂದಿಗೂ ಹಾಗೇ ಕೂತಿವೆ. ಕರ್ತೃ ಎಲ್ಲೋ, ಕ್ರಿಯಾಪದ ಎಲ್ಲೋ. ಒಂದು ವಾಕ್ಯ ಮುಗಿಯುವಷ್ಟರಲ್ಲಿ ಉಸಿರುಗಟ್ಟುತ್ತದೆ. ವ್ಯಾಕರಣ ಕಲಿಸಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗುವುದಿಲ್ಲ. ಅಂಥ ಲೇಖನದ ಒಂದು ವಿಭಾಗ, ಸುಮಾರು 150 ಪದ, ಜೊತೆಗೆ ಮೂರು ಉಲ್ಲೇಖ: ಒಬ್ಬರಿಗೆ ಇಷ್ಟು ಸಾಕು. ಇದು ಮುಗಿದ ಮೇಲೆ ಬೇಕಾದರೆ ಚುಟುಕು ಲೇಖನವೊಂದನ್ನು ಬೆಳೆಸಲು ಕೊಡಿ. ‘ನಮ್ಮೂರ ಜಾತ್ರೆ’ ಬರೆಯುತ್ತೇನೆ ಅಂದವರಿಗೆ ಮೊದಲೇ ಹೇಳಿಬಿಡಿ: ಅಜ್ಜಿ ಹೇಳಿದ್ದು ಆಧಾರವಾಗುವುದಿಲ್ಲ, ಜಿಲ್ಲಾ ಗೆಜೆಟಿಯರ್, ಶಾಸನ ಸಂಪುಟ, ಜನಗಣತಿ ವರದಿ ಆಗುತ್ತದೆ. ಅಜ್ಜಿಯ ಮಾತಿಗೆ ತರಗತಿಯ ಬ್ಲಾಗ್ ಇದೆ. ಒಬ್ಬರ ದನಿ, ಅನುಭವ, ಅಭಿಪ್ರಾಯ ಎಲ್ಲ ಅಲ್ಲಿಗೆ. ವಿಕಿಗೆ ಬೇರೆಯವರು ಪರಿಶೀಲಿಸಬಹುದಾದ್ದು ಮಾತ್ರ. ಹೈಸ್ಕೂಲು ಮಕ್ಕಳಾದರೆ ಬ್ಲಾಗಿನಲ್ಲಿ ಪೂರ್ತಿ ಹೆಸರು, ಫೋಟೊ ಎರಡೂ ಬೇಡ.

ಇನ್ನು ಲ್ಯಾಬಿನ ವಿಷಯ. ಒಂದೇ ಐಪಿ ವಿಳಾಸದಿಂದ (ಅಂತರ್ಜಾಲದಲ್ಲಿ ನಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ದಿನಕ್ಕೆ ಆರು ಖಾತೆ ಮಾತ್ರ ತೆರೆಯಬಹುದು. ಲ್ಯಾಬಿನ ನಲವತ್ತು ಕಂಪ್ಯೂಟರೂ ಹೊರಗೆ ಕಾಣುವುದು ಒಂದೇ ಐಪಿಯಾಗಿ, ಹಾಗಾಗಿ ಏಳನೆಯವರಿಗೇ ಬಾಗಿಲು ಮುಚ್ಚುತ್ತದೆ. ಮನೆಯಲ್ಲೇ ಖಾತೆ ತೆರೆದು ಬರಲು ಹೇಳಿ, ಅಥವಾ ಒಂದು ವಾರ ಮೊದಲೇ ಕನ್ನಡ ವಿಕಿಪೀಡಿಯದ ಸಮುದಾಯ ಚರ್ಚೆಯ ‘ಅರಳಿ ಕಟ್ಟೆ’ ಪುಟದಲ್ಲಿ ಕಾರ್ಯಕ್ರಮದ ವಿವರ ಬರೆದು ಈ ಮಿತಿ ಸಡಿಲಿಸಲು ಕೇಳಿ. ಇಮೇಲ್ ಕಡ್ಡಾಯವಲ್ಲ, ಆದರೆ ಕೊಡಿಸಿ; ಮುಂದಿನ ವಾರ ಅರ್ಧ ತರಗತಿ ಪಾಸ್‌ವರ್ಡ್ ಮರೆತು ಬಂದಿರುತ್ತದೆ.

ಅಕ್ಷರದ ತೊಂದರೆ ಎರಡು ಬಗೆಯದು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪಿಸಿದ ಕಡತ ವರ್ಡ್‌ನಲ್ಲಿ ಚೆಂದದ ಕನ್ನಡವಾಗಿ ಕಂಡರೂ ವಿಕಿಗೆ ಅಂಟಿಸಿದೊಡನೆ ರೋಮನ್ ಅಕ್ಷರ, ಚಿಹ್ನೆಗಳ ರಾಶಿಯಾಗುತ್ತದೆ. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಸಂಕೇತಗಳಿಗೆ ಪರಿವರ್ತಿಸಿದ ಮೇಲೂ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ನೋಡಲೇಬೇಕು. ಅದಕ್ಕಿಂತ ನೇರವಾಗಿ ವಿಕಿಯ ಪೆಟ್ಟಿಗೆಯಲ್ಲೇ ಟೈಪಿಸುವುದು ವಾಸಿ: ಕಂಟ್ರೋಲ್ ಮತ್ತು ಎಂ ಕೀ ಒತ್ತಿದರೆ ಕನ್ನಡ, ಇಂಗ್ಲಿಷ್ ಅದಲುಬದಲಾಗುತ್ತವೆ. ಎರಡನೆಯ ತೊಂದರೆ ಕಣ್ಣಿಗೇ ಬೀಳದ್ದು. ‘ಸಾಫ್ಟ್‌ವೇರ್’ ಎಂಬಲ್ಲಿ ಟಕಾರವೂ ವಕಾರವೂ ಕೂಡಿಕೊಳ್ಳದಂತೆ ತಡೆಯುವ ಅಗೋಚರ ಅಕ್ಷರವೊಂದು ನಡುವೆ ಕೂತಿರುತ್ತದೆ. ಅದಿಲ್ಲದೆ ಕೊಂಡಿ ಹಾಕಿದರೆ ‘ಸಾಫ್ಟ್ವೇರ್’ ಎಂಬ ಬೇರೆಯದೇ ಶೀರ್ಷಿಕೆಯಾಗಿ, ಇರುವ ಲೇಖನಕ್ಕೂ ‘ಪುಟವಿಲ್ಲ’ ಎಂದು ಸೂಚಿಸುವ ಕೆಂಪು ಕೊಂಡಿ ಬರಬಹುದು. ‘ಓಹೋ, ಲೇಖನವಿಲ್ಲ’ ಎಂದು ಮಕ್ಕಳು ಎರಡನೆಯದನ್ನು ಶುರುಮಾಡುತ್ತಾರೆ. ಹೊಸ ಪುಟ ತೆರೆಯುವ ಮೊದಲು ಎರಡೂ ರೂಪ ಹುಡುಕಿಸಿ.

ಮೊದಲ ಕರಡು ಯಾವಾಗಲೂ ‘ನನ್ನ ಪ್ರಯೋಗಪುಟ’ದಲ್ಲಿ. ಗುಂಪಿನಲ್ಲಿ ನಾಲ್ವರಿದ್ದರೆ ನಾಲ್ಕು ಉಪಶೀರ್ಷಿಕೆ ಮೊದಲೇ ಹಾಕಿಟ್ಟು, ಒಬ್ಬೊಬ್ಬರಿಗೆ ಒಂದು ವಿಭಾಗ ಹಂಚಿ. ಬೇರೆ ಬೇರೆ ಜಾಗದ ತಿದ್ದುಪಡಿಗಳನ್ನು ತಂತ್ರಾಂಶ ತಾನೇ ಸೇರಿಸಿಕೊಳ್ಳುತ್ತದೆ. ಒಂದೇ ಪ್ಯಾರಾದ ಮೇಲೆ ಇಬ್ಬರು ಕೂತರೆ ನಂತರ ಉಳಿಸಿದವರಿಗೆ ಸಂಪಾದನೆ ಘರ್ಷಣೆಯ ಪರದೆ ಬರುತ್ತದೆ. ಅದನ್ನು ಕಂಡು ಗಾಬರಿಯಾಗಿ ಕಿಟಕಿ ಮುಚ್ಚಿದರೆ ಬರೆದದ್ದು ಹೋಯಿತು. ಪ್ಯಾರಾಗೊಮ್ಮೆ ಉಳಿಸುವುದು, ಪ್ರತಿಸಲ ಒಂದು ಸಾಲಿನ ತಿದ್ದುಪಡಿ ಸಾರಾಂಶ ಬರೆಯುವುದು ಅಭ್ಯಾಸವಾಗಲಿ.

ಈ ಸಾರಾಂಶಗಳೇ ಮೌಲ್ಯಮಾಪನದ ಆಧಾರ. ‘ಇತಿಹಾಸ’ ಪುಟದಲ್ಲಿ ಯಾರು, ಯಾವಾಗ, ಏನು ಬದಲಿಸಿದರು ಎಂಬುದೆಲ್ಲ ಇರುತ್ತದೆ. ಕೊನೆಯ ರಾತ್ರಿ ಹನ್ನೊಂದೂವರೆಗೆ ಒಂದೇ ಏಟಿಗೆ ಪೂರ್ತಿ ಲೇಖನ ಬಿದ್ದಿದ್ದರೆ ಆ ಪಠ್ಯದ ಒಂದು ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿ. ಮೂಲ ಎಷ್ಟೋ ಸಲ ಅಲ್ಲೇ ಸಿಗುತ್ತದೆ. 20 ಅಂಕದಲ್ಲಿ 8 ತಿದ್ದುಪಡಿಯ ಹೆಜ್ಜೆಗಳಿಗೆ, 5 ಉಲ್ಲೇಖಕ್ಕೆ, 4 ಚರ್ಚಾಪುಟದಲ್ಲಿ ಸಹಪಾಠಿಗೆ ಕೊಟ್ಟ ಸಲಹೆಗೆ, ಉಳಿದ 3 ಭಾಷೆಗೆ. ಭಾಷೆಗೆ ಇಷ್ಟೇನಾ ಎಂದು ಕನ್ನಡ ವಿಭಾಗದವರು ಮುನಿಸಿಕೊಳ್ಳಬಹುದು, ಆದರೆ ಹತ್ತು ಸಲ ತಿದ್ದಿದವರ ಭಾಷೆ ತಾನಾಗಿಯೇ ನೆಟ್ಟಗಾಗಿರುತ್ತದೆ.

ಒಂದೇ ಎಚ್ಚರ: ಬೈಟ್ ಲೆಕ್ಕಕ್ಕೆ, ಅಂದರೆ ಪಠ್ಯ ಕಂಪ್ಯೂಟರಿನಲ್ಲಿ ಹಿಡಿಯುವ ಜಾಗದ ಅಳತೆಗೆ, ಅಂಕ ಕೊಡಬೇಡಿ. ವಿಕಿ ಬಳಸುವ ಯೂನಿಕೋಡ್ ರೂಪದಲ್ಲಿ (ಯುಟಿಎಫ್-8) ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟ್. ‘ಕನ್ನಡ’ ಎಂದರೆ ಕ, ನ, ವಿರಾಮ (ಅರ್ಧಾಕ್ಷರ ಮಾಡುವ ಚಿಹ್ನೆ), ನ, ಡ ಹೀಗೆ ಐದು ಸಂಕೇತ, ಅಂದರೆ 15 ಬೈಟ್. ‘ಕ್ಷೇ’ ಒಂದಕ್ಕೇ 12. ಒತ್ತಕ್ಷರ ಹೆಚ್ಚಿದಷ್ಟೂ ಬೈಟು ಹೆಚ್ಚು. ಸೇರಿಸಿದ ಬೈಟು 3000 ಎಂದು ಇತಿಹಾಸದಲ್ಲಿ ಹಸಿರಾಗಿ ಕಂಡದ್ದು ಒಂದು ಪುಟಕ್ಕಿಂತ ಕಡಿಮೆಯಿರುತ್ತದೆ. ಅನಗತ್ಯ ಸಾಲುಗಳನ್ನು ಕಿತ್ತು ಕೆಂಪಿನಲ್ಲಿ 800 ಕಳೆದವರ ಕೆಲಸವೇ ಎಷ್ಟೋ ಸಲ ಮೇಲಾಗಿರುತ್ತದೆ. ಕೊನೆಯ ದಿನಾಂಕವನ್ನು ಸೆಮಿಸ್ಟರ್ ಮುಗಿಯುವುದಕ್ಕೆ ಮೂರು ವಾರ ಮೊದಲೇ ಇಡಿ. ಅಳಿಸುವ ಸೂಚನೆ ಬಿದ್ದ ಪುಟಗಳನ್ನು ಸರಿಪಡಿಸಲು ಅಷ್ಟು ಸಮಯ ಬೇಕು, ಪರಿಶೀಲಿಸುವವರು ಬೆರಳೆಣಿಕೆಯ ಸ್ವಯಂಸೇವಕರು.